ಸನ್ನತಿಯಲ್ಲ, ಸುನ್ನತಿ
ಹವಾಲ್ದಾರನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಅದೇ ತಾಪತ್ರಯವಾಯಿತು. ನಾನು ಬರೆದುಕೊಟ್ಟ ದೂರಿನ ತಲೆಬರಹ 'ಸುನ್ನತಿ ಪ್ರಕರಣ'. ಆತ ಪೆನ್ನು ತೆಗೆದು 'ಸು'ವಿನ ಕೊಂಬು ಹೊಡೆದುಹಾಕಿದ.

"ಊರ ಹೆಸರು ತಪ್ಪು ಬರ್ದೀರಿ ಮೇಡಂ. ಸನ್ನತಿ, ಚಂದ್ರಲಾಂಬಾ ಗುಡಿ ಊರ ಅಲ್ರಿ? ಅದು ನಮ್ಮ ಹದ್ದಿನಾಗ ಬರಂಗಿಲ್ಲ."

ಚಿತ್ತಾಪುರ, ಸೇಡಂ ಕೋರ್ಟುಗಳಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದವಳಿಗೆ ಭೀಮಾ ದಂಡೆಯ ಊರು ಗೊತ್ತಿಲ್ಲವೆ? "ಊರಲ್ರೀ! ಎರಡನೇ ಕ್ಲಾಸಿನ ಹುಡುಗಿಗೆ ಬ್ಲೇಡ್ ಹಾಕ್ಯಾರ!" ಎಂದು ಕೂಗಿದೆ.

ಪಕ್ಕದಲ್ಲಿ ಕುಳಿತಿದ್ದ ಆ ಹುಡುಗಿಯ ತಾಯಿ ತಲೆ ತಗ್ಗಿಸಿದಳು. ವಾಡಿ ಊರಿನವಳು. ಈ ಪದ್ಧತಿಯನ್ನು ಅತ್ತೆ ದೂರದ ತವರಿನಿಂದ ತಂದಿದ್ದಳು. ಓಣಿಯ ಮುಸ್ಲಿಂ ಹೆಂಗಸರೇ "ತೋಬಾ, ನಮ್ಮೊಳಗ ಹೆಣ್ಣಮಕ್ಕಳಿಗೆ ಹಿಂಗ ಮಾಡಂಗಿಲ್ರಿ" ಎಂದು ಕೆನ್ನೆ ಬಡಿದುಕೊಂಡಿದ್ದರು. ದೊಡ್ಡ ಮಗಳದು ಮನೆಯಲ್ಲೇ ಮುಗಿದುಹೋಗಿತ್ತು. ಚಿಕ್ಕವಳದನ್ನು ಈ ರಜೆಯಲ್ಲಿ ಮುಗಿಸಲು ಅತ್ತೆ ದಿನ ನೋಡುತ್ತಿದ್ದಳು. ಕೇಸು ದಾಖಲಾಗದಿದ್ದರೆ ಆ ಮಗು ಬ್ಲೇಡಿನಿಂದ ಉಳಿಯುವಂತಿರಲಿಲ್ಲ.

"ಗಂಡಹುಡುಗರಿಗೆ ಮಾಡಸ್ತಾರಲ್ರಿ, ಹಂಗ ಇದೂ ಇರ್ಬೇಕು. ಕಾನೂನಿನಾಗ ಇದರ ಹೆಸರೇ ಇಲ್ಲ. ಯಾವ ಕಲಂ ಹಾಕ್ಲಿ?" ಎಂದ ಹವಾಲ್ದಾರ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರಿಲ್ಲ, ಖರೆ. ಆದರೆ ಮಗುವನ್ನು ಕೊಯ್ದರೆ ಗಾಯವಾಗುತ್ತದೆ, ಗಾಯ ಮಾಡುವುದು ಅಪರಾಧ. ಇಷ್ಟನ್ನು ಪೊಲೀಸನಿಗೆ ನಾನು ಬಿಡಿಸಿ ಹೇಳಬೇಕೆ? ಹೇಳಿದೆ. ಮಕ್ಕಳ ರಕ್ಷಣೆಯ ಕಾಯಿದೆಯನ್ನೂ ಓದಿ ಹೇಳಿದೆ. ಆತ ಚಹಾ ತರಿಸಿದ. "ಮನಿ ಮಾತು ಮನ್ಯಾಗ ಬಗಿಹರಿಸ್ಕೋರಿ," ಎಂದ. ಎಂಥವನ ಕೈಗೆ ಸಿಕ್ಕಿಬಿದ್ದೆನಪ್ಪಾ ಎನಿಸಿತು.

ಆಗ ಆ ತಾಯಿ ಬಾಯಿಬಿಟ್ಟಳು. ಅಷ್ಟು ದಿನ ನನ್ನೆದುರೂ 'ಅಲ್ಲಿ', 'ಅದು' ಎಂದಷ್ಟೇ ಹೇಳುತ್ತಿದ್ದವಳು, "ಉಚ್ಚಿ ಹೊಯ್ಯೋ ಜಾಗದಾಗ ಕೊಯ್ದಾರ್ರಿ. ಬರ್ಕೋರಿ," ಎಂದಳು.

ಹವಾಲ್ದಾರ ಕಪ್ಪು ಕೆಳಗಿಟ್ಟ. "ಯಾರು ಕೊಯ್ದ್ರು?"

"ಅತ್ತಿ ಕರ್ಕೊಂಡು ಬಂದಿದ್ದ ಹೆಣ್ಣಮಗಳು."

"ಕೂಸಿನ ಕಾಲು ಯಾರು ಹಿಡಿದಿದ್ರು?"

ಸುಮ್ಮನಿರಲೆಂದು ನಾನು ಅವಳ ಕೈ ಅದುಮಿದೆ. ಅವಳು ಕೈ ಬಿಡಿಸಿಕೊಂಡಳು.

"ನಾನ ಹಿಡಿದಿದ್ದೆ. ನನ್ನ ಹೆಸರೂ ಬರೀರಿ. ಸಣ್ಣಾಕಿನ್ನ ಮಾತ್ರ ಯಾರೂ ಮುಟ್ಟಬಾರ್ದು."

ಅಷ್ಟು ಹೊತ್ತು ಕಲಂ ಸಿಗದೆ ಕುಳಿತಿದ್ದವನಿಗೆ ಈಗ ಎಲ್ಲ ಕಲಮುಗಳೂ ಸಿಕ್ಕವು. ಕೇಸು ದಾಖಲಾಯಿತು. ಒಂದನೇ ಆರೋಪಿ, ಮಗುವಿನ ತಾಯಿ.