ಭೀಮಪ್ಪ ತೇಯ್ದ ಚಿಪ್ಪು

೧೯೯೭ರಲ್ಲಿ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಕಾರವಾರದ ಕಡಲ ಚಿಪ್ಪಿಗೂ ನಮ್ಮ ಮಲಪ್ರಭೆಯ ಚಿಪ್ಪಿಗೂ ಒಳರಚನೆಯಲ್ಲಿ ಏನು ವ್ಯತ್ಯಾಸವೆಂದು ಮೈಕ್ರೋಸ್ಕೋಪಿನಲ್ಲಿ ನೋಡಿ, ಧಾರವಾಡದ ವಿಚಾರಸಂಕಿರಣದಲ್ಲಿ ಪ್ರಬಂಧ ಓದಲು ಒಪ್ಪಿಕೊಂಡಿದ್ದೆ.

ಚಿಪ್ಪು ಬರೀ ಸುಣ್ಣವಲ್ಲ. ಕ್ಯಾಲ್ಸಿಯಂ ಕಾರ್ಬೋನೇಟಿನ ಹರಳುಗಳ ನಡುವೆ ಪ್ರೋಟೀನಿನ ತೆಳು ಪೊರೆಗಳಿರುತ್ತವೆ, ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಅವು ಕಾಣಬೇಕಾದರೆ ಚೂರನ್ನು ಗಾಜಿನ ಸ್ಲೈಡಿಗೆ ಅಂಟಿಸಿ, ಬೆಳಕು ಹಾಯುವಷ್ಟು ತೆಳ್ಳಗೆ ತೇಯಬೇಕು. ಅಂದರೆ ಸುಮಾರು ಮೂವತ್ತು ಮೈಕ್ರಾನ್, ಕೂದಲೆಳೆಗಿಂತ ತೆಳುವು. ನಾನು ಕೆನಡಾ ಬಾಲ್ಸಂ ಎಂಬ ಅಂಟನ್ನು ಸ್ಪಿರಿಟ್ ದೀಪದ ಮೇಲೆ ಕಾಯಿಸಿ ಅಂಟಿಸುತ್ತಿದ್ದೆ. ತೇಯುವಾಗ ಪದರಗಳು ಬಿಟ್ಟುಕೊಳ್ಳುತ್ತಿದ್ದವು. ಒಂದೂವರೆ ತಿಂಗಳಲ್ಲಿ ನಲವತ್ತು ಸ್ಲೈಡು ಹಾಳಾದವು.

ಪ್ರಯೋಗಾಲಯದ ಅಟೆಂಡರ್ ಭೀಮಪ್ಪನವರಿಗೆ ಆಗ ಐವತ್ತು ದಾಟಿತ್ತು. ಓದಿದ್ದು ನಾಲ್ಕನೆಯ ಇಯತ್ತೆ. ನಾನು ಬಿಸಾಡಿದ ಚೂರುಗಳನ್ನು ಆಯ್ದು, ಪೇಟೆಯಿಂದ ತಂದ ಎಪಾಕ್ಸಿ ಅಂಟಿನಿಂದ ಬಿಸಿ ಮಾಡದೆ ಸ್ಲೈಡಿಗೆ ಕೂಡಿಸಿ, ಎರಡು ದಿನ ಒಣಗಲು ಬಿಟ್ಟು ತೇಯ್ದಿದ್ದರು. ಒಂದು ಮುಂಜಾನೆ ಕರೆದು ತೋರಿಸಿದರು. ಕಂಬಗಳಂತೆ ಸಾಲಾಗಿ ನಿಂತ ಹರಳುಗಳು, ನಡುನಡುವೆ ಕಂದು ಪೊರೆ, ಒಂದೂ ಹರಿದಿರಲಿಲ್ಲ.

ಹೇಗೆ ಮಾಡಿದಿರೆಂದು ಕೇಳಿದೆ.

“ಬಿಸಿ ತಾಗಿದ್ರ ಚಿಪ್ಪು ಪದರ ಪದರ ಬಿಡತೈತ್ರಿ ಮೇಡಂ. ಸವದತ್ತ್ಯಾಗ ನಮ್ಮವ್ವ ಚಿಪ್ಪು ಸುಡೂ ಸುಣ್ಣದ ಭಟ್ಟಿ ಹಚ್ಚತಿದ್ಲು. ಸಣ್ಣಾಂವ ಇದ್ದಾಗಿಂದ ನೋಡೇನ್ರಿ.”

ಸಂತೋಷವಾಗಬೇಕಿತ್ತು. ಆದರೆ ಹೊಟ್ಟೆಕಿಚ್ಚಿನಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. ಎಂ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದವಳು ನಾನು. ಆ ವಾರವೆಲ್ಲ ಅವರ ಕೆಲಸದಲ್ಲಿ ತಪ್ಪು ಹುಡುಕಿದೆ, ಮೈಕ್ರೋಸ್ಕೋಪಿನ ಬಳಿ ಕೂರದಂತೆ ಆಫೀಸಿನ ಕಾಗದ ಹೊತ್ತು ತಿರುಗಿಸಿದೆ. ಅವರ ವಿಧಾನದಲ್ಲೇ ಗುಟ್ಟಾಗಿ ನಾನೂ ತೇಯ್ದು ನೋಡಿದೆ. ಚೂರು ಬೆರಳಡಿಯಲ್ಲಿ ಪುಡಿಯಾಯಿತು.

ವಿಭಾಗದ ಮುಖ್ಯಸ್ಥರು ಆ ಸ್ಲೈಡು ನೋಡಿ ಯಾರು ತಯಾರಿಸಿದ್ದೆಂದು ಕೇಳಿದಾಗ “ನಾನೇ ಸರ್” ಎಂದೆ. ಭೀಮಪ್ಪನವರು ಅದೇ ಕೋಣೆಯಲ್ಲಿ ಬೀಕರ್ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ.

ಧಾರವಾಡದಲ್ಲಿ ಪ್ರಬಂಧಕ್ಕೆ ಮೆಚ್ಚುಗೆ ಸಿಕ್ಕಿತು. ಹಿರಿಯ ಪ್ರಾಧ್ಯಾಪಕರೊಬ್ಬರು ಅಂಥವೇ ಇನ್ನೂ ಹತ್ತು ಸ್ಲೈಡು ಕೇಳಿದರು. ಮರಳಿ ಬಂದು, ಏನೂ ನಡೆದೇ ಇಲ್ಲವೆಂಬಂತೆ ಅವನ್ನು ತೇಯಲು ಭೀಮಪ್ಪನವರಿಗೆ ಹೇಳಿದೆ.

“ಕೈ ನಡಗತಾವ್ರಿ ಮೇಡಂ. ಇನ್ನ ತೇಯಾಕ ಆಗಂಗಿಲ್ರಿ,” ಎಂದರು.

ಅದೇ ಮಧ್ಯಾಹ್ನ ಅವರು ಕಿರಿದಾದ ಬಾಯಿಯ ಬಾಟಲಿಗಳಿಗೆ ಫಾರ್ಮಲಿನ್ ತುಂಬಿದರು. ಒಂದು ಹನಿಯೂ ಚೆಲ್ಲಲಿಲ್ಲ. ನಾನು ಎದುರಿಗೇ ಕುಳಿತಿದ್ದೆ.

ಮೂರು ದಿನ ತಡೆದು, ಸ್ಲೈಡು ಮಾಡಿದವರು ಯಾರೆಂದು ಪ್ರಾಧ್ಯಾಪಕರಿಗೆ ಪತ್ರ ಬರೆದೆ. ಮುಖ್ಯಸ್ಥರಿಗೂ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ, ಬಹಳ ದಿನ ಮಾತೂ ಆಡಲಿಲ್ಲ. ಪ್ರಾಧ್ಯಾಪಕರು ಭೀಮಪ್ಪನವರನ್ನೇ ಧಾರವಾಡಕ್ಕೆ ಕರೆಸಿಕೊಂಡರು. ಅವರು ನಾಲ್ಕು ದಿನ ಅಲ್ಲಿದ್ದು ಹತ್ತೂ ಸ್ಲೈಡು ತೇಯ್ದು ಬಂದರು.

ಮರುವರ್ಷ ಅಚ್ಚಾದ ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅವರ ಹೆಸರಿತ್ತು. ಅದನ್ನು ಹಾಗೆ ಬರೆದು ಕಳಿಸಿದವಳು ನಾನೇ. ಆದರೂ ಅವರ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ, ನನ್ನದನ್ನಷ್ಟೇ ಒಮ್ಮೆ ಓದಿಕೊಂಡೆ. ನಿಜ ಹೇಳಿದೊಡನೆ ಮತ್ಸರ ಹೋಗಿಬಿಡುವುದಿಲ್ಲ. ಅದು ಒಳಗಿದ್ದಾಗಲೂ ಸರಿಯಾದ ಹೆಸರು ಬರೆಯಲು ಬರುತ್ತದೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು.