ಸಾಕ್ಷಿ ಹೇಳಬೇಕ್ರಿ

ನನಗೆ ಯಾರನ್ನೂ ಸುಲಭವಾಗಿ ನಂಬಲು ಬರುವುದಿಲ್ಲ. ಅವ್ವ ಎಲ್ಲರನ್ನೂ ನಂಬುತ್ತಾಳೆ. ಮನೆಯಲ್ಲಿ ಒಬ್ಬರಾದರೂ ಬಾಗಿಲ ಕಡೆ ಕಣ್ಣಿಡಬೇಕಲ್ಲ!

ಬೈಲಹೊಂಗಲದ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರ ಕ್ರೈಸ್ತ ಪ್ರಾರ್ಥನೆ ನಡೆಯುತ್ತಿತ್ತು. ನಾವು ಜನರ ಜಾತಿ ಕೆಡಿಸುತ್ತೇವೆಂದು ಓಣಿಯವರು ಯಾರೋ ಪೊಲೀಸ್ ಠಾಣೆಗೆ ದೂರು ಕೊಟ್ಟರು. ಮನೆ ಮಾಲೀಕರು ಬಂದು, "ದೂರು ಖರೆ ಆತಂದ್ರ ಮನಿ ಖಾಲಿ ಮಾಡ್ರಿ" ಎಂದು ಹೇಳಿಹೋದರು. ಅಂದಿನಿಂದ ಪ್ರಾರ್ಥನೆಗೆ ಬರುವವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಒಬ್ಬಾಕೆಗೆ ಮೊಣಕಾಲು ನೋವು, ಇನ್ನೊಬ್ಬರ ಮನೆಗೆ ವಾರವಾರವೂ ಬೀಗರು. ಕಡೆಗೆ ಉಳಿದದ್ದು ಅವ್ವ ಮತ್ತು ನಾನು. ಆದರೂ ಅವ್ವ ಚಾಪೆಗಳನ್ನೆಲ್ಲ ಮೊದಲಿನಂತೆಯೇ ಹಾಸುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಯಾರ ಬರತಾರಂತ ಇಷ್ಟ ಹಾಸ್ತೀಬೇ?"

"ಹಾಸೂದು ನನ್ನ ಕೆಲಸ. ಕಳಸೂದು ಅವಂದು."

ಅಂಥದ್ದರಲ್ಲಿ ನಮ್ಮ ಓಣಿಯ ಟಂಟಂ ಗಾಡಿಯವನೊಬ್ಬ ಬರತೊಡಗಿದ. ನೇಸರಗಿ ಊರಿಗೆ ಜನರನ್ನು ತುಂಬಿಕೊಂಡು ಆ ಮೂರು ಗಾಲಿಯ ಗಾಡಿ ಹೊಡೆಯುವವನು. ಹಾಡುತ್ತಿರಲಿಲ್ಲ, ಪ್ರಾರ್ಥನೆಯ ಹೊತ್ತಿಗೆ ಕಣ್ಣೂ ಮುಚ್ಚುತ್ತಿರಲಿಲ್ಲ. ಅದು ನನಗೆ ಹೇಗೆ ಗೊತ್ತಾಯಿತೆಂದರೆ, ನಾನೂ ಮುಚ್ಚುತ್ತಿರಲಿಲ್ಲ. ಅವನು ಮನೆಯನ್ನೆಲ್ಲ ನೋಡುತ್ತಿದ್ದ, ನಾನು ಅವನನ್ನೇ ನೋಡುತ್ತಿದ್ದೆ.

"ಇಂವನ್ನ ಯಾರೋ ಕಳಿಸ್ಯಾರ" ಎಂದೆ ಅವ್ವನಿಗೆ.

"ಹೌದಲ್ಲ, ದೇವರ ಕಳಿಸ್ಯಾನ" ಎಂದಳು. ಇವಳಿಗೆ ಏನು ಹೇಳುವುದು!

ಒಂದು ಭಾನುವಾರ ಅವನು ಎದ್ದು ನಿಂತ. "ಅವ್ವಾರ, ನಾ ಸಾಕ್ಷಿ ಹೇಳಬೇಕ್ರಿ."

ನಮ್ಮಲ್ಲಿ ಸಾಕ್ಷಿ ಹೇಳುವುದೆಂದರೆ, ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವುದು. ಅವ್ವನ ಮುಖ ಅರಳಿತು. "ಸ್ತೋತ್ರ! ಹೇಳಪಾ, ಹೇಳು."

ಅವನು ತಬ್ಬಿಬ್ಬಾದ. "ಇಲ್ಲೆ ಅಲ್ರಿ, ಠಾಣೆದಾಗ. ನೀವು ರೊಕ್ಕಾ ಕೊಟ್ಟು ಮಂದೀನ ಸೇರಸ್ತೀರಿ ಅಂತ ಸಾಕ್ಷಿ ಹೇಳು ಅಂದಾರ ಓಣ್ಯಾಗಿನವರು. ನೋಡಲಾರದ ಹೆಂಗ ಹೇಳಲಿ? ಅದಕ್ಕ ಬರಾಕ ಹತ್ತಿದ್ನಿ."

"ಏನ್ ನೋಡಿದ್ರಿ ಮತ್ತ?" ಎಂದೆ.

"ರೊಕ್ಕಾ ಎಲ್ಲೀದ್ರಿ ಅಕ್ಕಾರ, ಒಂದ ಕಪ್ ಚಾ ಸೈತ ಕೊಟ್ಟಿಲ್ಲ ನೀವು."

ಮರುದಿನ ಠಾಣೆಗೆ ಹೋಗಿ ಅವನು ಅಷ್ಟನ್ನೇ ಹೇಳಿದ. ದೂರು ಸುಳ್ಳಾಯಿತು, ಮಾಲೀಕರು ಸುಮ್ಮನಾದರು, ಮನೆ ಉಳಿಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ. ಇದರಲ್ಲಿ ಅವನಿಗೇನು ಲಾಭ ಎಂಬ ಹುಳ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೇಳಿಯೇ ಬಿಡೋಣವೆಂದು, ನೇಸರಗಿಗೆ ಹೋಗುವ ಕೆಲಸವಿದ್ದ ದಿನ ಟಂಟಂ ನಿಲ್ಲುವ ಜಾಗಕ್ಕೆ ಹೋದೆ. ಸಾಲಿನಲ್ಲಿ ಅವನ ಗಾಡಿಯೇ ಮುಂದಿತ್ತು. ಜನ ಅದನ್ನು ದಾಟಿ ಹಿಂದಿನ ಗಾಡಿ ಹತ್ತುತ್ತಿದ್ದರು.

"ಯಾಕ್ರಿ ಯಾರೂ ಹತ್ತವಲ್ರು?"

"ನಾನೂ ನಿಮ್ಮವ ಆಗೇನಿ ಅಂತಾರ್ರಿ. ನೀವು ರೊಕ್ಕಾ ಕೊಟ್ಟೀರಂತ."

ನಾನು ಅವನ ಗಾಡಿಯ ಸರಳು ಹಿಡಿದು ಒಳಗೆ ಕಾಲಿಟ್ಟೆ.

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವು ಆ ಹಿಂದಿನ ಗಾಡಿಗೆ ಹೋಗ್ರಿ."