ಭಾಂಡುಪ್‌ನ ಗೇರುಮರ

ಮುಂಬೈಯ ಭಾಂಡುಪ್‌ನಲ್ಲಿ ಕೆಡವುತ್ತಿದ್ದ ಆ ಹಳೆ ಬಿಲ್ಡಿಂಗಿನ ಗೇಟು ದಾಟಿದಾಗ ಜೆಸಿಬಿ ಗೇರುಮರದತ್ತಲೇ ಸರಿಯುತ್ತಿತ್ತು. ನಾನು ಕೆಲಸ ಮಾಡುವ ಸರ್ಕಾರಿ ಗೇರು ಸಂಶೋಧನಾ ಕೇಂದ್ರದಲ್ಲಿ ಹಿಂದಿನವರು ವರ್ಷಗಟ್ಟಲೆ ಪರೀಕ್ಷಿಸಿ ಆರಿಸಿದ್ದ ತಳಿಯೊಂದರ ತಾಯಿಮರ ಗಾಳಿಗೆ ಉರುಳಿತ್ತು. ಅದರ ಕಸಿಗಿಡವನ್ನು ಉಡುಪಿಯ ಹೋಟೆಲಿನವರೊಬ್ಬರು ಹಿಂದೆ ಇಲ್ಲಿ ನೆಟ್ಟಿದ್ದರು. ನಮಗೆ ತಿಳಿದಂತೆ ಉಳಿದದ್ದು ಇದೊಂದೇ.

"ಅಕ್ಕಾರ, ಮುಂದ ಹೋಗಬ್ಯಾಡ್ರಿ, ಗ್ವಾಡಿ ಬೀಳ್ತೈತಿ!" ವಿಜಯಪುರ ಕಡೆಯ ಕೂಲಿಯಾಳು ಅಡ್ಡ ಬಂದ.

"ನಾಲ್ಕು ಕಡ್ಡಿ ಕೊಯ್ಕೊಳ್ತೇನೆ ಮಾರಾಯ. ಕಸಿ ಕಟ್ಟದಿದ್ರೆ ಈ ತಳಿಯೇ ಹೋಗ್ತದೆ."

ಅವನು ಜೆಸಿಬಿಯ ಎದುರು ಕೈ ಚಾಚಿ ನಿಂತ. "ರುಕೋ ಭಾಯ್! ಅಕ್ಕಾರ, ಲಗೂನ ಕೊಯ್ಕೊರಿ."

ಸಿಕ್ಕಿದ ನಾಲ್ಕು ಕಡ್ಡಿ ಕೊಯ್ದೆ. ಗೇಟಿಗೆ ಮರಳುವಷ್ಟರಲ್ಲಿ ಮರ ಮಲಗಿತ್ತು.

ಈಗ ಊರಿನ ರೈಲಿನಲ್ಲಿದ್ದೇನೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಡ್ಡಿಗಳು ಒಣಗುತ್ತಿವೆಯೇನೋ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೇನೆ.